ಬಾಯಿ ಹುಣ್ಣು: ಉಷ್ಣವನ್ನು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ

ಬಾಯಿ ಹುಣ್ಣಿನ ಬಗ್ಗೆ ಮತ್ತೆ ಒಂದು ಕಟ್ಟು ಪತ್ರ ಬಂದಿದೆ. ಹೆಚ್ಚಿನವು ಒಂದೇ ಪತ್ರದ ನಕಲಿನಂತಿವೆ. ಹಾಗಾಗಿ ಒಂದಕ್ಕೆ ಮಾತ್ರ ವಿವರವಾಗಿ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ. ಆ ಪತ್ರ ಹೀಗಿದೆ:

ನನಗೆ 34 ವರ್ಷ, ಹೈಸ್ಕೂಲ್ ಟೀಚರ್, ಸಸ್ಯಾಹಾರಿ. ಎರಡು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ತಿಂಗಳೂ ತುಟಿಯ ಒಳಗೆ, ನಾಲಿಗೆ ತುದಿಯಲ್ಲಿ ಎರಡು ಮೂರು ಹುಣ್ಣು ಏಳುತ್ತವೆ. ಪಾಠ ಮಾಡಲೂ ಆಗುವುದಿಲ್ಲ. ಅತ್ತೆ ಉಷ್ಣ ಅಂತಾರೆ. ಎಳನೀರು, ಕಾಮಕಸ್ತೂರಿ ಬೀಜ ಎಲ್ಲ ಆಯಿತು. ಬಿ ಕಾಂಪ್ಲೆಕ್ಸ್ ನುಂಗಿ ಸಾಕಾಗಿದೆ. ಶಾಶ್ವತ ಪರಿಹಾರ ಇದೆಯೇ?

ಶಾಶ್ವತ ಪರಿಹಾರ ಕೊಡುತ್ತೇನೆ ಅನ್ನುವವರಿಂದ ಮೊದಲು ದೂರ ಇರಿ. ನಿಮ್ಮದು ಆಫ್ತಸ್ ಹುಣ್ಣು, ಅಂದರೆ ಪದೇ ಪದೇ ಬರುವ ಸಾಮಾನ್ಯ ಬಾಯಿ ಹುಣ್ಣು ಅನ್ನಿಸುತ್ತದೆ. ಹತ್ತು ಹದಿನಾಲ್ಕು ದಿನದಲ್ಲಿ ತಾನಾಗಿಯೇ ಮಾಯುತ್ತದೆ. ಅದಕ್ಕೇ ಆ ಹೊತ್ತಿಗೆ ಕುಡಿದ ಎಳನೀರಿಗೂ ಹಚ್ಚಿದ ತುಪ್ಪಕ್ಕೂ ಹೆಸರು ಬರುತ್ತದೆ. ಎಳನೀರು ಕುಡಿಯಿರಿ, ತೊಂದರೆ ಇಲ್ಲ. ಆದರೆ ಮುಂದಿನ ತಿಂಗಳು ಬರುವ ಹುಣ್ಣನ್ನು ಅದು ತಡೆಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಸಸ್ಯಾಹಾರಿ ಅನ್ನುವ ಒಂದು ಪದ. ಬಿ12 ವಿಟಮಿನ್ ಕಡಿಮೆಯಾದರೂ ಹೀಗೆ ಹುಣ್ಣು ಏಳಬಹುದು. ಅದು ಸೊಪ್ಪು, ಕಾಳುಗಳಲ್ಲಿ ಸಿಗುವುದಿಲ್ಲ. ನಿಮಗೆ ಅದು ಬರಬೇಕಾದದ್ದು ಹಾಲು, ಮೊಸರಿನಿಂದ. ಅದೂ ಕಾಫಿಗೆ ಬೆರೆಸಿದಷ್ಟೇ ಆದರೆ ಸಾಲದು. ಮುಟ್ಟಿನ ರಕ್ತಸ್ರಾವ ಜಾಸ್ತಿ ಇದ್ದರೆ ಕಬ್ಬಿಣದ ಅಂಶವೂ ಕಡಿಮೆ ಆಗಿರಬಹುದು. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಫೋಲೇಟ್ (ಇನ್ನೊಂದು ಬಿ ವಿಟಮಿನ್), ಇಷ್ಟನ್ನು ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದೆ ಅಂತ ಸುಮ್ಮನಾಗಬೇಡಿ, ಫೆರಿಟಿನ್ ಅದಕ್ಕೂ ಮೊದಲೇ ಇಳಿದಿರುತ್ತದೆ. ಬಿ ಕಾಂಪ್ಲೆಕ್ಸ್ ನುಂಗುತ್ತಿರುವುದನ್ನು ಡಾಕ್ಟರಿಗೆ ಹೇಳಲೇಬೇಕು. ಮಾತ್ರೆಯ ಬಲದಿಂದ ರಿಪೋರ್ಟ್ ಚೆನ್ನಾಗಿ ಕಂಡು, ಕೊರತೆ ಅಡಗಿಬಿಡಬಹುದು. ಕೊರತೆ ಇದ್ದರೆ ಸರಿಯಾದ ಪ್ರಮಾಣದಲ್ಲಿ ತುಂಬಿಸಬೇಕು. ಸಿಕ್ಕಿದ ಕ್ಯಾಪ್ಸೂಲನ್ನು ವರ್ಷಗಟ್ಟಲೆ ನುಂಗುವುದು ಚಿಕಿತ್ಸೆ ಅಲ್ಲ.

ರಿಪೋರ್ಟ್ ಎಲ್ಲ ಸರಿ ಇದ್ದರೆ? ಆಗ ನಿಮ್ಮ ಬಾತ್‌ರೂಮಿನ ಶೆಲ್ಫ್ ನೋಡಿ. ಟೂತ್‌ಪೇಸ್ಟಿನ ಡಬ್ಬಿ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಅಂತಿದ್ದರೆ, ಅದಿಲ್ಲದ ಪೇಸ್ಟನ್ನು ಎರಡು ಮೂರು ತಿಂಗಳು ಬಳಸಿ. ಕೆಲವರಿಗೆ ಇಷ್ಟರಿಂದಲೇ ಕಡಿಮೆಯಾಗುತ್ತದೆ. ಗಟ್ಟಿ ಬ್ರಷ್ ಎಸೆಯಿರಿ. ಹುಣ್ಣು ಮುಟ್ಟಿಗೆ ಮುಂಚೆ ಬರುತ್ತದೆಯೇ, ಪರೀಕ್ಷೆ ಪೇಪರ್ ತಿದ್ದುವ ದಿನಗಳಲ್ಲಿ ಬರುತ್ತದೆಯೇ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜೊತೆಗೆ ಗುಪ್ತಾಂಗದಲ್ಲೂ ಹುಣ್ಣು, ಕಣ್ಣು ಕೆಂಪಾಗಿ ನೋವು, ಅಥವಾ ಪದೇ ಪದೇ ಭೇದಿ, ತೂಕ ಇಳಿಕೆ ಇದ್ದರೆ ನನ್ನ ಕಾಲಂ ಓದುತ್ತಾ ಕೂರಬೇಡಿ, ಫಿಸಿಶಿಯನ್‌ಗೆ ತೋರಿಸಿ.

ಈಗ ನೋವಿನ ಮಾತು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ‘ಬಾಯಿ ಹುಣ್ಣಿಗೆ ಜೆಲ್ ಕೊಡಿ’ ಅಂದರೆ ಸಿಗುವುದು ಹೆಚ್ಚಾಗಿ ಜಾಗವನ್ನು ಮರಗಟ್ಟಿಸುವ ಜೆಲ್. ಊಟಕ್ಕೆ ಐದು ನಿಮಿಷ ಮೊದಲು ಹಚ್ಚಿದರೆ ಊಟ ಸೇರುತ್ತದೆ, ಅಷ್ಟೇ. ಬೇಗ ಮಾಯಲು ಟ್ರಯಾಮ್ಸಿನೊಲೋನ್ 0.1% ಪೇಸ್ಟ್ ಒಳ್ಳೆಯದು. ಅದು ಸ್ಟೀರಾಯ್ಡ್, ಡಾಕ್ಟರ್ ಬರೆದುಕೊಟ್ಟ ಮೇಲೆ ತರಬೇಕು. ಹೆಚ್ಚಿನವರು ಅದನ್ನು ಹಚ್ಚುವುದೇ ತಪ್ಪು. ಒದ್ದೆ ಹುಣ್ಣಿನ ಮೇಲೆ ತಿಕ್ಕುತ್ತಾರೆ, ಎರಡು ನಿಮಿಷದಲ್ಲಿ ಎಂಜಲಿನ ಜೊತೆ ನುಂಗುತ್ತಾರೆ. ರಾತ್ರಿ ಮಲಗುವ ಮುನ್ನ ತುಟಿ ಮಡಚಿ, ಹತ್ತಿಯಿಂದ ಹುಣ್ಣನ್ನು ಮೆಲ್ಲಗೆ ಒತ್ತಿ ಒಣಗಿಸಿ. ಕಾಳಿನಷ್ಟು ಪೇಸ್ಟ್ ಇಟ್ಟು ಬರೀ ಒತ್ತಿ. ತಿಕ್ಕಿದರೆ ಮರಳಿನ ಹಾಗೆ ಉದುರುತ್ತದೆ, ಒತ್ತಿದರೆ ತೆಳು ಪದರವಾಗಿ ಅಂಟುತ್ತದೆ. ಚುರುಗುಟ್ಟಲು ಶುರುವಾದ ದಿನವೇ ಹಚ್ಚಿದರೆ ಲಾಭ ಹೆಚ್ಚು. ಸ್ಟೀರಾಯ್ಡ್ ಮಾತ್ರೆಗಳನ್ನೂ ಕೆಲವರು ಬರೆಯುತ್ತಾರೆ. ಇಷ್ಟು ಸಣ್ಣ ಹುಣ್ಣಿಗೆ ನಾನು ಬರೆಯುವುದಿಲ್ಲ. ಆಂಟಿಬಯೊಟಿಕ್ ಅಂತೂ ಬೇಡವೇ ಬೇಡ.

ಸುಣ್ಣ ಅರಿಶಿನ ಹಚ್ಚಿದರೆ ಒಂದೇ ದಿನದಲ್ಲಿ ಹೋಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಹೌದಾ?

ಸುಣ್ಣ ಚರ್ಮವನ್ನೇ ಸುಡುತ್ತದೆ, ಹುಣ್ಣನ್ನು ಬಿಡುತ್ತದಾ? ಸ್ಫಟಿಕದ ಪುಡಿ, ಲವಂಗದೆಣ್ಣೆ, ಆಸ್ಪಿರಿನ್ ಮಾತ್ರೆ ಇಡುವುದು, ಎಲ್ಲಕ್ಕೂ ಇದೇ ಉತ್ತರ. ಆ ವಿಡಿಯೋ ಮಾಡಿದವನ ಬಾಯಿಗೆ ಮೊದಲು ಹಚ್ಚಲಿ.

ಗಂಡನಿಗೆ ಬಾಯಿ ಹುಣ್ಣು. ಒಂದೇ ಲೋಟದಲ್ಲಿ ಕುಡಿದರೆ ನನಗೂ ಅಂಟುತ್ತದಾ?

ಆಫ್ತಸ್ ಹುಣ್ಣು ಅಂಟುವುದಿಲ್ಲ. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಗುಂಪಾಗಿ ಎದ್ದಿದ್ದರೆ ಅದು ವೈರಸ್, ಅಂಟುತ್ತದೆ. ಅದಕ್ಕೆ ಮೇಲೆ ಹೇಳಿದ ಸ್ಟೀರಾಯ್ಡ್ ಪೇಸ್ಟ್ ಹಚ್ಚಬೇಡಿ.

ಹತ್ತು ತಿಂಗಳ ಮಗುವಿಗೆ ದೊಡ್ಡವರ ಜೆಲ್ ಸ್ವಲ್ಪ ಹಚ್ಚಬಹುದಾ?

ಬೇಡ. ಮಕ್ಕಳ ಡಾಕ್ಟರಿಗೆ ತೋರಿಸಿ.

ಕೀಲು ನೋವಿಗೆ ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ. ದಿನಾ ತಗೊಳ್ತಿದ್ದೇನೆ. ಈಗ ಬಾಯಿ ತುಂಬಾ ಹುಣ್ಣು, ಜ್ವರ.

ಕೀಲಿಗೆ ಅದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ! ಇನ್ನೊಂದನ್ನೂ ನುಂಗದೆ, ಚೀಟಿ ಮತ್ತು ಮಾತ್ರೆ ಎರಡನ್ನೂ ಹಿಡಿದು ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತಕಣಗಳು ಕುಸಿದಿರಬಹುದು, ಜೀವಕ್ಕೇ ಅಪಾಯ.

ಅಪ್ಪನಿಗೆ 58. ಎಲೆಅಡಿಕೆ, ಹೊಗೆಸೊಪ್ಪು ಹಾಕುತ್ತಾರೆ. ನಾಲಿಗೆಯ ಬದಿಯಲ್ಲಿ ಒಂದೇ ಹುಣ್ಣು, ಒಂದೂವರೆ ತಿಂಗಳಾಯಿತು. ನೋವಿಲ್ಲ. ಯಾವ ಜೆಲ್ ಹಚ್ಚಲಿ?

ಯಾವುದೂ ಹಚ್ಚಬೇಡಿ. ಅದೇ ಜಾಗದಲ್ಲಿ ಮೂರು ವಾರ ದಾಟಿದ ಹುಣ್ಣಿಗೆ ಬೇಕಾದದ್ದು ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ಕ್ಯಾನ್ಸರ್ ಇದೆಯೇ ಅಂತ ನೋಡುವ ಪರೀಕ್ಷೆ. ನೋವಿಲ್ಲ ಅನ್ನುವುದು ಸಮಾಧಾನದ ವಿಷಯ ಅಲ್ಲ. ಚುಚ್ಚಿದರೆ ಹರಡುತ್ತದೆ ಅನ್ನುವುದು ಸುಳ್ಳು. ಪಕ್ಕದ ಹಲ್ಲು ಚೂಪಾಗಿದ್ದು ಅದೇ ಉಜ್ಜುತ್ತಿರಲೂಬಹುದು, ಅದನ್ನೂ ಅಲ್ಲೇ ನೋಡುತ್ತಾರೆ. ಹತ್ತಿರದ ಡೆಂಟಲ್ ಕಾಲೇಜಿಗೆ ನಾಳೆಯೇ ಕರೆದುಕೊಂಡು ಹೋಗಿ, ಮುಂದಿನ ಸಂಚಿಕೆಗೆ ಕಾಯಬೇಡಿ.