ಅಜ್ಜನವರ ಚರಿತ್ರೆಯಲ್ಲಿ ಪವಾಡಗಳನ್ನು ಬರೆಯಬೇಕಾ, ಬಿಡಬೇಕಾ?

ಊರಿನ ಮಠದವರು ಲಿಂಗೈಕ್ಯ ಅಜ್ಜನವರ ಚರಿತ್ರೆ ಬರೆದುಕೊಡಿ ಅಂದಿದ್ದಾರೆ, ಪವಾಡಗಳನ್ನು ಏನು ಮಾಡಲಿ ಅಂತ ಕೇಳಿದ್ದೀರಿ. ಬರೆಯಿರಿ. ಆದರೆ ಯಾರು ಹೇಳಿದರು ಅನ್ನೋದನ್ನೂ ಜೊತೆಗೆ ಬರೆಯಿರಿ. "ಅಜ್ಜನವರು ಮಳೆ ತರಿಸಿದರು" ಅನ್ನಬೇಡಿ. "ಅಜ್ಜನವರು ಹೊಲಕ್ಕೆ ಬಂದು ಹೋದ ರಾತ್ರಿಯೇ ಮಳೆ ಬಂತು ಅಂತ ಕೆರೆ ಕೆಳಗಿನ ರೈತರು ಈಗಲೂ ಹೇಳುತ್ತಾರೆ" ಅನ್ನಿ. ಭಕ್ತರಿಗೂ ಬೇಜಾರಿಲ್ಲ, ನೀವೂ ಸುಳ್ಳು ಬರೆದಂತಾಗಲ್ಲ.

ನನಗೆ ಪವಾಡಕ್ಕಿಂತ ಜಾಸ್ತಿ ಭಯ ಬೇರೆಯದು. ಬರೆಯುತ್ತಾ ಬರೆಯುತ್ತಾ ಮನುಷ್ಯನನ್ನೇ ಒರೆಸಿ ಹಾಕಿಬಿಡುತ್ತೇವೆ.

ಅಲ್ಲಮಪ್ರಭುವನ್ನೇ ನೋಡಿ. 1200ರ ಆಸುಪಾಸಿನ ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವವನು. ಕಾಮಲತೆಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವಳು ಜ್ವರ ಬಂದು ಸಾಯುತ್ತಾಳೆ. ಇವನು ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ಕೂತು ಕಾಲುಗುರಿನಿಂದ ಸುಮ್ನೆ ನೆಲ ಕೆರೆಯುವಾಗ ಚಿನ್ನದ ಕಳಸ ಕಾಣುತ್ತದೆ. ಅಗೆಸಿದರೆ ಕೆಳಗೆ ಗುಡಿ. ಒಳಗೆ ಅನಿಮಿಷ ಅನ್ನೋ ಯೋಗಿ, ಅವನ ಕೈಯಲ್ಲಿ ಲಿಂಗ.

ಎರಡು ಶತಮಾನ ಕಳೆದ ಮೇಲೆ ಚಾಮರಸ 'ಪ್ರಭುಲಿಂಗಲೀಲೆ' ಬರೆದ. ಅಲ್ಲಿ ಹೆಂಡತಿಯೂ ಇಲ್ಲ, ಜ್ವರವೂ ಇಲ್ಲ. ಮದ್ದಳೆ ಕೇಳಿ ಮರುಳಾಗುವವಳು ಬನವಾಸಿಯ ಅರಸುಮಗಳು ಮಾಯೆ. ಪ್ರಭು ಅವಳ ಕೈಗೆ ಸಿಗುವುದೇ ಇಲ್ಲ. ಇಬ್ಬರು ಕವಿಗಳೂ ಭಕ್ತರೇ, ಅಲ್ವಾ? ಚಾಮರಸನ ಕಾವ್ಯ ದೊಡ್ಡದೇ, ತಕರಾರಿಲ್ಲ. ಆದರೆ ನನಗೆ ಆ ಕಾಲುಗುರು ಮರೆಯೋಕಾಗಲ್ಲ.

ನಾನೂ ಒಮ್ಮೆ ಚಾಮರಸನ ದಾರಿ ಹಿಡಿದೆ, ಅವನ ಪ್ರತಿಭೆ ಮಾತ್ರ ಇರಲಿಲ್ಲ. ಒಂದು ಮಠದ ಜಾತ್ರೆಗೆ 40 ಪುಟದ ಪುಸ್ತಿಕೆ ಬರೆದುಕೊಟ್ಟೆ. ಶಾಂತಮೂರ್ತಿ, ಕರುಣಾಸಾಗರ ಅಂತ ಪುಟಕ್ಕೆ ನಾಲ್ಕು ಸಲ. ದಾಸೋಹದಲ್ಲಿ ರೊಟ್ಟಿ ಬಡಿಯುವ ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಅದನ್ನು ಓದಿಸಿಕೊಂಡು, "ಇವ್ರು ನಮ್ಮ ಅಜ್ಜಾರಲ್ಲೋ ತಮ್ಮಾ" ಅಂದರು. "ನಮ್ಮ ಅಜ್ಜಾರಿಗೆ ಸಿಟ್ಟು ಭಾಳ. ಸಾರಿಗೆ ಉಪ್ಪು ಹೆಚ್ಚಾದ್ರ ತಾಟು ಸರಿಸಿ ಎದ್ದು ಹೋಗ್ತಿದ್ರು. ಸಂಜಿಕೆ ತಾವ ಅಡಗಿಮನಿಗೆ ಬಂದು ಪುಂಡಿಪಲ್ಲೆ ಸೋಸಕೋತ ಕುಂದರ್ತಿದ್ರು. ಮಾತಿಲ್ಲ, ಕಥಿಯಿಲ್ಲ."

ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳದೆ ಸೊಪ್ಪು ಸೋಸುತ್ತಾ ಕೂತ ಸ್ವಾಮಿಗಳು. ನನ್ನ 40 ಪುಟಗಳಲ್ಲಿ ಅವರು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಸಾವಿರ ಪ್ರತಿ ಅಚ್ಚಾಗಿತ್ತು.

ಹಾಗಾಗಿ ಟ್ರಸ್ಟಿನ ಹಿರಿಯರನ್ನು ಆಮೇಲೆ ನೋಡಿ. ಅವರು ಹೇಳೋದು ಹೇಗೂ ಹಳೇ ಸ್ಮರಣ ಸಂಚಿಕೆಯಲ್ಲಿ ಇರುತ್ತದೆ. ಮೊದಲು ಅಡುಗೆಮನೆಗೆ, ದನದ ಕೊಟ್ಟಿಗೆಗೆ ಹೋಗಿ. ಅವರ ಒಪ್ಪಿಗೆ ಕೇಳಿಕೊಂಡೇ ಮೊಬೈಲಲ್ಲಿ ರೆಕಾರ್ಡ್ ಮಾಡಿ. ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ ಹೋದರೆ ಒಳ್ಳೆಯದು, ಅದಕ್ಕೂ ಮುಂಚೆ ಅಲ್ಲಿ ಯಾರಿಗೂ ಪುರುಸೊತ್ತು ಇರಲ್ಲ.