ಎರಡು ದಿನಕ್ಕೆ 1.4 ಕಿಲೋ ಏರಿದ್ದು ಕೊಬ್ಬಲ್ಲ

ಗೋಣಿಕೊಪ್ಪದವರೇ, ಮೂರು ವಾರ ಊಟ ಕಡಿಮೆ ಮಾಡಿ, ದಿನಾ ನಡೆದರೂ ಶನಿವಾರ 71.4 ಕಿಲೋ ಇದ್ದ ತೂಕ ಸೋಮವಾರ 72.8 ಆಯ್ತು, ಎಲ್ಲ ದಂಡವಾಯ್ತಾ ಅಂತ ಕೇಳಿದ್ದೀರಿ. ಇಲ್ಲ. ಭಾನುವಾರ ಮದುವೆಮನೆಯಲ್ಲಿ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿಮಾಂಸದ ಕರಿ) ಹೊಡೆದೆ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಮೈ ಖರ್ಚು ಮಾಡುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. 1.4 ಕಿಲೋಗೆ ಹತ್ತು ಸಾವಿರ ದಾಟುತ್ತೆ. ಒಂದು ಮದುವೆ ಊಟದಲ್ಲಿ ಅಷ್ಟು ಯಾರಿಂದಲೂ ಆಗಲ್ಲ, ನಮ್ಮ ಕೊಡಗಿನ ಮದುವೆಯಲ್ಲೂ! ಏರಿದ್ದು ಹೆಚ್ಚಾಗಿ ನೀರು. ಕಡಂಬುಟ್ಟಿನ ಅಕ್ಕಿ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಆಗಿ ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ಸೇರಿಕೊಳ್ಳುತ್ತೆ; ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ನಿಲ್ಲುತ್ತೆ. ಪಂದಿಕರಿಯಲ್ಲಿದ್ದ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತೆ. ಹೊಟ್ಟೆಯಲ್ಲಿ ಉಳಿದ ಊಟಕ್ಕೂ ತೂಕ ಇಲ್ಲವೇ? ಏರು ದಾರಿ ಹತ್ತಿ ಕಾಲು ನೋಯುತ್ತಿದ್ದರೆ ಸ್ನಾಯುವಿನಲ್ಲೂ ನೀರು ತುಂಬಿರುತ್ತೆ. ಹೆಂಗಸರಿಗೆ ಮುಟ್ಟಿನ ಮುಂಚೆಯೂ ಹೀಗಾಗುತ್ತೆ.

ದಿನಾ ತೂಗಿ, ತೊಂದರೆಯಿಲ್ಲ. ಆದರೆ ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋಗಿಬಂದು, ಕಾಫಿಗೂ ಮುಂಚೆ, ತೆಳು ಬಟ್ಟೆಯಲ್ಲಿ. (ಜುಲೈ ಮಳೆಯಲ್ಲಿ ಸ್ವೆಟರ್ ಸಮೇತ ನಿಂತು ಗಾಬರಿಯಾದವನು ನಾನು.) ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಅದನ್ನು ಹಿಂದಿನ ವಾರದ ಸರಾಸರಿ ಜೊತೆ ಇಟ್ಟು ನೋಡಿ. ಮೂರ್ನಾಲ್ಕು ವಾರ ಸರಾಸರಿಯೇ ಅಲ್ಲಾಡದಿದ್ದರೆ ಆಗ ಊಟದ ಲೆಕ್ಕ ನೋಡೋಣ. ಸದ್ಯ ಸೋಮವಾರದ ಸಿಟ್ಟಿಗೆ ಉಪವಾಸ ಕೂರಬೇಡಿ, ಗುರುವಾರ ಮತ್ತೆ ತೂಗಿ ಇಲ್ಲೇ ಹಾಕಿ.