ಮಧ್ಯಾಹ್ನ ಬಾಡುವ ಟೊಮೆಟೊ: ನೀರು ಕಡಿಮೆಯೋ, ಜಾಸ್ತಿಯೋ?

ನಮಸ್ಕಾರ್ರಿ. ಗದಗದ ನಿಮ್ಮ ಹಿತ್ತಲಿನ ಟೊಮೆಟೊ ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ, ಬೆಳಿಗ್ಗೆ ಎಲೆಯಂಚಿಗೆ ನೀರಿನ ಹನಿ ಇರುತ್ತದೆ ಅಂದಿರಿ. ಹಾಗಿದ್ದರೆ ಹೆದರಬೇಡಿ, ಬಕೆಟ್ ಕೆಳಗಿಡಿ.

ಬೇರು ಎಳೆದ ನೀರಿನಲ್ಲಿ 95 ಪರ್ಸೆಂಟಿಗೂ ಜಾಸ್ತಿ ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕಲ್ಲ, ಅದಕ್ಕೆ ಬಾಗಿಲು ತೆರೆದರೆ ನೀರು ಹೊರಗೆ ಹೋಗಲೇಬೇಕು. ಬಿಸಿಲು, ಒಣಹವೆ, ಜೊತೆಗೆ ನಮ್ಮ ಗಾಳಿ! ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ನೋಡಿ. ಆ ಹೊತ್ತಿಗೆ ಖರ್ಚು ಜಾಸ್ತಿ, ಬೇರಿನ ಪೂರೈಕೆ ಹಿಂದೆ ಬೀಳುತ್ತದೆ. ಎಲೆ ಜೋತು ಬೀಳುತ್ತದೆ. ಸಂಜೆ ಲೆಕ್ಕ ಸರಿಯಾಗುತ್ತದೆ.

ಬೆಳಗಿನ ಹನಿ ಇಬ್ಬನಿ ಅಲ್ಲ. ಇಬ್ಬನಿ ಎಲೆ ತುಂಬ ಕೂರುತ್ತದೆ. ಅಂಚಿಗೆ ಮಾತ್ರ ಸಾಲಾಗಿದ್ದರೆ ಅದು ಗಿಡದ ಒಳಗಿನದೇ. ರಾತ್ರಿ ರಂಧ್ರಗಳು ಮುಚ್ಚಿರುತ್ತವೆ, ಬೇರು ಮಾತ್ರ ನೀರು ದೂಡುತ್ತಲೇ ಇರುತ್ತದೆ. ಅದು ಅಂಚಿನಿಂದ ಜಿನುಗುತ್ತದೆ. ಒಣಗಿದ ಮೇಲೆ ಬಿಳಿ ಕಲೆ ಕಂಡರೆ ಅದು ಉಪ್ಪಿನಂಶ, ರೋಗ ಅಂತ ಔಷಧ ಹೊಡೆಯಬೇಡಿ. ಅಂಚಿಗೆ ಹೀಗೆ ಹನಿ ಬಂದಿದೆ ಅಂದರೆ ಮಣ್ಣಲ್ಲಿ ಹಸಿ ಸಾಕಷ್ಟಿದೆ ಅಂತ ಅರ್ಥ.

ನಾನೂ ಮೊದಲು ಬಾಡಿತು ಅಂತ ದಿನಾ ಮಧ್ಯಾಹ್ನ ನೀರು ಸುರಿದು ಎರಡು ಗಿಡ ಕಳೆದುಕೊಂಡೆ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ, ಆಮೇಲೆ ನೀರಿದ್ದರೂ ಗಿಡ ಕುಡಿಯಲಾರದು.

ಬೆರಳು ಎರಡು ಇಂಚು ಇಳಿಸಿ ನೋಡಿ. ಒಣಗಿದ್ದರೆ ಬೆಳಿಗ್ಗೆ ಕೊಡಿ. ಹಸಿಯಿದ್ದೂ ಬೆಳಿಗ್ಗೆಯೇ ಬಾಡಿದ್ದರೆ ಬೇರಿನ ರೋಗ ಇರಬಹುದು, ಆಗ ಒಂದು ಫೋಟೋ ಹಾಕಿ.